ಹವಾಯಿಯಲ್ಲಿ ಲೋಮಿಲೋಮಿ ಮಾಡಿಸಿಕೊಳ್ಳುವ ಮುನ್ನ

ಹವಾಯಿ ಭಾಷೆಯಲ್ಲಿ ‘ಲೋಮಿ’ ಎಂಬ ಮಾತಿಗೆ ಒತ್ತುವುದು, ಹಿಸುಕುವುದು, ನಾದುವುದು, ನೀವುವುದು ಎಂಬ ಅರ್ಥಗಳೆಲ್ಲ ಇವೆ. ನಾವು ‘ಒತ್ತಿ ಒತ್ತಿ’, ‘ತಿಕ್ಕಿ ತಿಕ್ಕಿ’ ಎಂದು ದ್ವಿರುಕ್ತಿಯಲ್ಲಿ ಹೇಳುವಂತೆ ಅವರು ಆ ಮಾತನ್ನು ಎರಡು ಸಲ ಹೇಳಿ ತಮ್ಮ ಅಂಗಮರ್ದನಕ್ಕೆ ‘ಲೋಮಿಲೋಮಿ’ ಎಂಬ ಹೆಸರಿಟ್ಟಿದ್ದಾರೆ. ಇದೇ ಹೆಸರು ಅಲ್ಲಿನ ಔತಣಗಳಲ್ಲಿಯೂ ಕಿವಿಗೆ ಬೀಳುತ್ತದೆ. ಉಪ್ಪು ಹಾಕಿಟ್ಟ ಸಾಲ್ಮನ್ ಮೀನನ್ನು ಟೊಮೆಟೊ ಮತ್ತು ಈರುಳ್ಳಿಯೊಂದಿಗೆ ಕೈಯಿಂದಲೇ ಹಿಸುಕಿ ಕಲಸಿದ ಪದಾರ್ಥವೂ ಲೋಮಿಯೇ ಆದ್ದರಿಂದ ಸಸ್ಯಾಹಾರಿಗಳು ಊಟದ ಪಟ್ಟಿಯಲ್ಲಿ ಆ ಮಾತು ಕಂಡಾಗ ಅಂಗಮರ್ದನವನ್ನು ನೆನೆದು ಮೋಸಹೋಗಬಾರದು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಹವಾಯಿ ಈಗ ದೂರದ ಊರಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊನೊಲುಲುವಿಗೆ ವಿಮಾನದಲ್ಲಿ ಐದು, ಐದೂವರೆ ಗಂಟೆಗಳ ಪ್ರಯಾಣ. ಊರಿನಿಂದ ಬಂದ ತಂದೆತಾಯಿಯರನ್ನು ಒಂದು ವಾರ ಅಲ್ಲಿಗೆ ಕರೆದೊಯ್ಯುವುದು ಅನೇಕ ಮನೆಗಳ ವಾಡಿಕೆಯಾಗಿದೆ. ನಾನೂ ಹಾಗೆಯೇ, ಅರವತ್ತೆಂಟು ವರ್ಷದ ನನ್ನ ತಾಯಿಯನ್ನು ಕರೆದುಕೊಂಡು ಹೋದವನು. ಹೋಟೆಲಿನ ಪಟ್ಟಿಯಲ್ಲಿ ‘ಲೋಮಿಲೋಮಿ’ ಎಂದು ಬರೆದಿದ್ದುದನ್ನು ನಂಬಿ, ಬಂದ ಮರುದಿನವೇ ಹಣ ಕೊಟ್ಟು ಮಲಗಿದೆ. ಸಿಕ್ಕಿದ್ದು ಯಾವ ಊರಿನ ಸ್ಪಾದಲ್ಲಿಯೂ ಸಿಗುವ ಸಾಧಾರಣ ಮಾಲೀಶು; ಹಿನ್ನೆಲೆಯಲ್ಲಿ ಯುಕುಲೇಲೆಯ ನಾದವಿತ್ತು ಎಂಬುದಷ್ಟೇ ವ್ಯತ್ಯಾಸ. ಅದು ಸಾಲದೆಂಬಂತೆ, ಹಿಂದಿನ ಸಂಜೆ ಕಡಲತೀರದಲ್ಲಿ ಬಿಸಿಲಿಗೆ ಸುಟ್ಟಿದ್ದ ನನ್ನ ಭುಜಗಳು ಎಣ್ಣೆಯ ಉಜ್ಜುವಿಕೆಗೆ ಉರಿದೆದ್ದವು. ನಿಜವಾದ ಲೋಮಿಲೋಮಿ ಸಿಕ್ಕಿದ್ದು ಐದು ದಿನಗಳ ನಂತರ, ಬೇರೊಂದು ದ್ವೀಪದಲ್ಲಿ, ಒಬ್ಬ ಹಿರಿಯ ಮಹಿಳೆಯ ಮನೆಯಲ್ಲಿ. ಆ ಎರಡು ಅನುಭವಗಳ ನಡುವೆ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು, ಇದು ಯಾರ ವಿದ್ಯೆ ಎಂದು ತಿಳಿದಿರಬೇಕು

ಲೋಮಿಲೋಮಿ ಎಂಬುದು ಒಂದೇ ಒಂದು ಪದ್ಧತಿಯಲ್ಲ. ಅದು ಮನೆತನಗಳಲ್ಲಿ ಉಳಿದುಬಂದ ವಿದ್ಯೆ. ಒಂದು ಮನೆಯವರು ಮುಂಗೈಯನ್ನು ಹೆಚ್ಚು ಬಳಸಿದರೆ ಇನ್ನೊಂದು ಮನೆಯವರು ಬೆರಳು ಮತ್ತು ಅಂಗೈಯನ್ನು ಬಳಸುತ್ತಾರೆ, ಮತ್ತೊಬ್ಬರು ಕಾಯಿಸಿದ ಕಲ್ಲನ್ನು ಇಡುತ್ತಾರೆ, ಬೆನ್ನ ಮೇಲೆ ಪಾದದಿಂದ ತುಳಿದು ಒತ್ತುವ ಕ್ರಮವೂ ಉಂಟು. ‘ಲುವಾ’ ಎಂಬ ಅಲ್ಲಿನ ಕದನಕಲೆಯನ್ನು ಬಲ್ಲವರು ಕೀಲು ಕೂಡಿಸುವುದನ್ನೂ ಮೈ ನೀವುವುದನ್ನೂ ಬಲ್ಲವರಾಗಿದ್ದರು ಎಂಬುದನ್ನು ಕೇಳಿದಾಗ ನನಗೆ ಮೈಸೂರಿನ ಗರಡಿಮನೆಗಳೂ ಅಲ್ಲಿನ ಪೈಲ್ವಾನರ ಮಾಲೀಶೂ ನೆನಪಾದವು.

ಹವಾಯಿ, ತಹೀತಿ ಮುಂತಾದ ಪೆಸಿಫಿಕ್ ದ್ವೀಪಗಳ ಸಮೂಹವಾದ ಪಾಲಿನೇಷ್ಯಾದ ಈ ವಿದ್ಯೆಯ ಬಗ್ಗೆ ಹೊರಗಿನವರು ಬರೆದಿಟ್ಟ ಹಳೆಯ ವಿವರಗಳಲ್ಲಿ ಒಂದು ಕ್ಯಾಪ್ಟನ್ ಜೇಮ್ಸ್ ಕುಕ್‌ನದು. 1777ರಲ್ಲಿ ತಹೀತಿ ದ್ವೀಪದಲ್ಲಿದ್ದಾಗ ಅವನಿಗೆ ಸೊಂಟದಿಂದ ಪಾದದವರೆಗೆ ನೋವು ಹಿಡಿದಿತ್ತು. ಹತ್ತು ಹನ್ನೆರಡು ಮಂದಿ ಹೆಂಗಸರು ಹಡಗಿಗೆ ಬಂದು, ಅವನನ್ನು ನಡುವೆ ಮಲಗಿಸಿಕೊಂಡು, ಮೂಳೆಗಳು ಲಟಲಟ ಎನ್ನುವಂತೆ ಎರಡೂ ಕೈಗಳಿಂದ ಹಿಸುಕಿದರೆಂದೂ, ಅದರಿಂದ ಕೂಡಲೇ ಹಾಯೆನಿಸಿತೆಂದೂ, ಮತ್ತೆ ಮತ್ತೆ ಮಾಡಿಸಿಕೊಂಡ ಮೇಲೆ ನೋವು ಪೂರ್ತಿ ಹೋಯಿತೆಂದೂ ಅವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ತಹೀತಿಯಲ್ಲಿ ಅದಕ್ಕೆ ‘ರೋಮಿ’ ಎನ್ನುತ್ತಾರೆ. ಅಲ್ಲಿನ ರಕಾರ ಹವಾಯಿಯಲ್ಲಿ ಲಕಾರವಾಗುತ್ತದೆ. ಮುಂದೆ 1779ರ ಫೆಬ್ರವರಿ 14ರಂದು ಕುಕ್ ಕೊಲೆಯಾದದ್ದು ಹವಾಯಿ ದ್ವೀಪದ ಕೇಯಲಕೆಕುವ ಕೊಲ್ಲಿಯಲ್ಲಿ.

1820ರಲ್ಲಿ ಕ್ರೈಸ್ತ ಮಿಷನರಿಗಳು ಬಂದಿಳಿದ ಮೇಲೆ ಹಳೆಯ ವೈದ್ಯರ ಪ್ರಾರ್ಥನೆ, ಮಂತ್ರ, ಮದ್ದುಗಳೆಲ್ಲ ಸಂಶಯಕ್ಕೆ ಗುರಿಯಾದವು. ಕಾನೂನುಗಳೂ ಅವರ ಕೈ ಕಟ್ಟಿದವು. ಆದರೂ ಲೋಮಿಲೋಮಿ ಮನೆಯೊಳಗೆ ಉಳಿದುಕೊಂಡಿತು. ಅಜ್ಜಿ ಮೊಮ್ಮಗುವಿನ ಕಾಲು ನೀವುವುದನ್ನು ಯಾವ ಕಾನೂನು ತಡೆಯಲು ಸಾಧ್ಯ? ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಹೊರಗಿನವರಿಗೂ ಬಹಿರಂಗವಾಗಿ ಕಲಿಸಿದವರಲ್ಲಿ ದೊಡ್ಡ ಹೆಸರು ಮಾರ್ಗರೆಟ್ ಮಚಾಡೊ ಅವರದು. 1916ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ತಮ್ಮ ಅಜ್ಜನಿಂದ ಕಲಿತದ್ದನ್ನು ಅದೇ ಕೇಯಲಕೆಕುವ ಕೊಲ್ಲಿಯ ದಂಡೆಯ ನಾಪೋಪೋದಲ್ಲಿ, ಕಡಲಿಗೆ ತಾಗಿದ ತಮ್ಮ ಮನೆಯಲ್ಲಿ ಕಲಿಸುತ್ತಿದ್ದರು. ಇನ್ನೊಂದು ಧಾರೆ ಕವಾಯಿ ದ್ವೀಪದ ಏಬ್ರಹಾಂ ಕವಾಯಿ ಅವರಿಂದ ಹೊರಟಿತು; ಮೇಜಿನ ಸುತ್ತ ನೃತ್ಯದಂತೆ ಹೆಜ್ಜೆಯಿಡುತ್ತ ಎರಡೂ ಮುಂಗೈಗಳಿಂದ ಇಡೀ ಮೈಯನ್ನು ನೀಳವಾಗಿ ನೀವುವ ಈ ಕ್ರಮವನ್ನು ದೇವಾಲಯ ಶೈಲಿ ಎಂದು ಕರೆಯುತ್ತಾರೆ. ಇದನ್ನೆಲ್ಲ ತಿಳಿದಿರುವುದರಿಂದ ಒಂದು ಪ್ರಯೋಜನವಿದೆ: ಕಾಯ್ದಿರಿಸುವಾಗ ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ‘ನಿಮ್ಮ ಬಳಿ ಲೋಮಿಲೋಮಿ ಇದೆಯೇ’ ಎಂಬುದಲ್ಲ, ‘ನೀವು ಯಾರಿಂದ ಕಲಿತಿರಿ’ ಎಂಬುದು. ಪರಂಪರೆಯಿಂದ ಬಂದವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಗುರುವಿನ ಹೆಸರನ್ನು, ಆ ಗುರುವಿನ ಗುರುವಿನ ಹೆಸರನ್ನು ಸಂತೋಷದಿಂದಲೇ ಹೇಳುತ್ತಾರೆ. ನಾನು ಹೋಟೆಲಿನಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ.

ದಿನವನ್ನು ಆರಿಸಿಕೊಳ್ಳುವುದು

ವಿಮಾನದಿಂದ ಇಳಿದ ದಿನ ಮತ್ತು ಮರುದಿನ ಬೇಡ. ಹವಾಯಿಯ ಗಡಿಯಾರ ಭಾರತದ ಗಡಿಯಾರಕ್ಕಿಂತ ಹದಿನೈದೂವರೆ ಗಂಟೆ ಹಿಂದಿರುತ್ತದೆ. ಬೆಂಗಳೂರಿನಿಂದ ನೇರವಾಗಿ ಹೊರಟವರ ಮೈಗೆ ಹಗಲು ಯಾವುದು ರಾತ್ರಿ ಯಾವುದು ಎಂಬುದೇ ಎರಡು ದಿನ ತಿಳಿಯುವುದಿಲ್ಲ. ಇದಕ್ಕಿಂತ ಗಂಭೀರವಾದ ಕಾರಣವೊಂದಿದೆ. ಬಹಳ ಹೊತ್ತು ಕಾಲು ಮಡಚಿ ಕುಳಿತು ಬಂದವರಲ್ಲಿ, ಅದರಲ್ಲಿಯೂ ವಯಸ್ಸಾದವರಲ್ಲಿ, ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿರುತ್ತದೆ. ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ಪ್ರಯಾಣದ ಆಯಾಸವೆಂದು ತಿಳಿದು ಒತ್ತಿಸಿಕೊಳ್ಳಲೇಬಾರದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅಂಥವರು ಹೋಗಬೇಕಾದದ್ದು ವೈದ್ಯರ ಬಳಿಗೆ.

ಬಿಸಿಲಿಗೆ ಸುಟ್ಟ ಚರ್ಮದ ಮೇಲೆ ಎಣ್ಣೆ ಹಾಕಿ ಉಜ್ಜಿಸಿಕೊಳ್ಳುವುದರ ಫಲವನ್ನು ಆಗಲೇ ಹೇಳಿದ್ದೇನೆ. ನಮ್ಮದು ಕಪ್ಪು ಮೈಬಣ್ಣ, ನಮಗೇನೂ ಆಗದು ಎಂಬ ಧೈರ್ಯ ಉಷ್ಣವಲಯದ ಆ ಬಿಸಿಲಿನ ಮುಂದೆ ನಡೆಯುವುದಿಲ್ಲ. ಸನ್‌ಸ್ಕ್ರೀನ್ ಕೊಳ್ಳುವವರು ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇಲ್ಲದ್ದನ್ನೇ ಆರಿಸಿಕೊಳ್ಳಬೇಕು. ಹವಳದ ದಿಬ್ಬಗಳಿಗೆ ಹಾನಿಯೆಂದು ಇವೆರಡಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2021ರ ಜನವರಿಯಿಂದ ನಿರ್ಬಂಧಿಸಿದೆ. ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವ ಸ್ಕೂಬಾ ಡೈವಿಂಗ್ ಮಾಡಿದ ದಿನವೂ ಬಲವಾದ ಅಂಗಮರ್ದನ ಒಳ್ಳೆಯದಲ್ಲ. ಒತ್ತಿದ್ದರಿಂದ ಬಂದ ನೋವು ಯಾವುದು, ಮುಳುಗಿದವರಿಗೆ ಬರುವ ಕೀಲುನೋವಿನ ಕಾಯಿಲೆಯ ಲಕ್ಷಣ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗಿ, ಚಿಕಿತ್ಸೆ ತಡವಾಗಬಹುದು. ಒಂದು ವಾರದ ಪ್ರವಾಸವಾದರೆ ನಾಲ್ಕನೆಯ ಅಥವಾ ಐದನೆಯ ದಿನ, ಬೆಟ್ಟ ಹತ್ತಿ ಕಾಲು ಸೋತ ಮರುದಿನದ ಬೆಳಗ್ಗೆ, ಸರಿಯಾದ ಹೊತ್ತು.

ವ್ಯಕ್ತಿಯನ್ನು ಹುಡುಕುವುದು, ಹಣದ ಮಾತು

ಹವಾಯಿಯಲ್ಲಿ ಶುಲ್ಕ ಪಡೆದು ಅಂಗಮರ್ದನ ಮಾಡುವವರಿಗೆ ರಾಜ್ಯದ ಪರವಾನಗಿ ಬೇಕು. ಆ ಪರವಾನಗಿಯ ಸಂಖ್ಯೆಗೆ ಮೊದಲು ‘ಎಂಎಟಿ’ ಎಂಬ ಅಕ್ಷರಗಳಿರುತ್ತವೆ; ರಾಜ್ಯದ ವಾಣಿಜ್ಯ ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಹೆಸರು ಅಥವಾ ಸಂಖ್ಯೆ ಕೊಟ್ಟು ಅದು ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಇದರ ಜೊತೆಗೆ, ‘ಪಾಪಾ ಓಲಾ ಲೋಕಾಹಿ’ ಎಂಬ ಸಂಸ್ಥೆಯ ಆಶ್ರಯದಲ್ಲಿ ‘ಕೂಪುನಾ’ ಎಂದು ಕರೆಯುವ ಹಿರಿಯರ ಮಂಡಳಿಗಳು ಪಾರಂಪರಿಕ ವೈದ್ಯರನ್ನು ಗುರುತಿಸುವ ವ್ಯವಸ್ಥೆಯೂ ಅಲ್ಲಿದೆ. ಒಂದು ಎಚ್ಚರ: ತನ್ನನ್ನು ತಾನೇ ‘ಕಹುನಾ’, ಅಂದರೆ ವಿದ್ಯೆಯಲ್ಲಿ ನುರಿತ ಗುರು, ಎಂದು ಕರೆದುಕೊಂಡು ಜಾಹೀರಾತು ಹಾಕುವವರ ಬಗ್ಗೆ ನನಗೆ ಅನುಮಾನ. ಆ ಬಿರುದು ಇತರರು ಕೊಡುವಂಥದು. ನಮ್ಮಲ್ಲಿ ತನ್ನ ಹೆಸರಿನ ಹಿಂದೆ ತಾನೇ ‘ಪಂಡಿತ’ ಎಂದು ಬರೆದುಕೊಂಡವರನ್ನು ನಾವು ಹೇಗೆ ನೋಡುತ್ತೇವೆಯೋ ಅಲ್ಲಿನವರೂ ಹಾಗೆಯೇ ನೋಡುತ್ತಾರೆ.

ದೊಡ್ಡ ರೆಸಾರ್ಟುಗಳ ಸ್ಪಾಗಳನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಅಲ್ಲಿಯೂ ಮನೆತನದ ವಿದ್ಯೆ ಬಲ್ಲವರು ಕೆಲಸ ಮಾಡುತ್ತಾರೆ. ಕಾಯ್ದಿರಿಸುವಾಗ ಅಂಥವರೇ ಬೇಕೆಂದು ಸ್ಪಷ್ಟವಾಗಿ ಕೇಳಿದರೆ ಸಿಕ್ಕಿಯಾರು. ಆದರೆ ಅಲ್ಲಿ ಐವತ್ತು ನಿಮಿಷಕ್ಕೆ ಇನ್ನೂರು ಡಾಲರ್ ದಾಟುವುದು ಸಾಮಾನ್ಯ. ಸ್ವತಂತ್ರವಾಗಿ ಮಾಡುವವರ ಬಳಿ ಅದಕ್ಕಿಂತ ಸಾಕಷ್ಟು ಕಡಿಮೆಯಾಗುತ್ತದೆ. ಹೇಳಿದ ಬೆಲೆಯ ಮೇಲೆ ರಾಜ್ಯದ ‘ಜನರಲ್ ಎಕ್ಸೈಸ್’ ತೆರಿಗೆ ನಾಲ್ಕೂವರೆ ಶೇಕಡಕ್ಕೆ ಹತ್ತಿರ ಸೇರುತ್ತದೆ, ಅದರ ಮೇಲೆ ಹದಿನೈದರಿಂದ ಇಪ್ಪತ್ತು ಶೇಕಡ ಟಿಪ್ ಕೊಡುವ ರೂಢಿಯಿದೆ. ರೆಸಾರ್ಟುಗಳು ಸೇವಾಶುಲ್ಕವನ್ನು ಬಿಲ್ಲಿನಲ್ಲಿಯೇ ಸೇರಿಸಿರುವುದುಂಟು. ಬಿಲ್ಲು ಓದದೆ ಎರಡು ಸಲ ಟಿಪ್ ಕೊಟ್ಟು ಬಂದವರಲ್ಲಿ ನಾನೂ ಒಬ್ಬ. ಸಾಧ್ಯವಾದರೆ ತೊಂಬತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಸಮಯ ತೆಗೆದುಕೊಳ್ಳಿ. ನೀಳವಾದ ಆ ನೀವುವಿಕೆ ಅವಸರದಲ್ಲಿ ಆಗುವಂಥದಲ್ಲ. ಕೆಲವು ಹಿರಿಯರು ಇಂದಿಗೂ ಶುಲ್ಕವೆಂದು ಹೇಳದೆ ‘ಹೋ‘ಓಕುಪು’ ಎಂಬ ಕಾಣಿಕೆಯನ್ನಷ್ಟೇ ಸ್ವೀಕರಿಸುತ್ತಾರೆ. ಅಂಥಲ್ಲಿ ‘ಎಷ್ಟು’ ಎಂದು ಕೆದಕದೆ, ಹೊರಗೆ ಕೊಡುವಷ್ಟೇ ಹಣವನ್ನು ಲಕೋಟೆಯಲ್ಲಿಟ್ಟು, ಜೊತೆಗೆ ಸ್ವಲ್ಪ ಹಣ್ಣನ್ನೋ ಹೂವನ್ನೋ ಒಯ್ದು ಎರಡೂ ಕೈಯಿಂದ ಕೊಡುವುದು ತಾಂಬೂಲ ದಕ್ಷಿಣೆ ಬಲ್ಲ ನಮಗೆ ಹೊಸದೇನಲ್ಲ.

ಮಲಗುವ ಮುನ್ನ ಹೇಳಬೇಕಾದದ್ದು

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಕ್ಕೆ ಹಾಕಿಸಿದ ಸ್ಟೆಂಟ್, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ, ಇವುಗಳಲ್ಲಿ ಯಾವುದಿದ್ದರೂ ಕಾಯ್ದಿರಿಸುವಾಗಲೇ ಹೇಳಬೇಕು. ನಮ್ಮ ಹಿರಿಯರಿಗೆ ಅಪರಿಚಿತರ ಮುಂದೆ ಕಾಯಿಲೆಗಳನ್ನು ಹೇಳಿಕೊಳ್ಳಲು ಸಂಕೋಚ. ಆದ್ದರಿಂದ ನಾನು ನನ್ನ ತಾಯಿಯ ಮಾತ್ರೆಗಳ ಹೆಸರುಗಳನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಇದನ್ನು ಎಲ್ಲರೂ ಮಾಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಲವಾಗಿ ಒತ್ತಿದಲ್ಲೆಲ್ಲ ನೀಲಿಗಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರುವವರಿಗೆ ಬಿಸಿಕಲ್ಲಿನ ಬಿಸಿ ತಿಳಿಯದೆ ಚರ್ಮ ಸುಟ್ಟೀತು.

ಎಣ್ಣೆಯ ಬಗ್ಗೆಯೂ ಕೇಳಿಕೊಳ್ಳಬೇಕು. ‘ಕುಕುಯಿ’ ಎಂಬ ಮರದ ಬೀಜದ ಎಣ್ಣೆ ಅಲ್ಲಿನ ಹಳೆಯ ಎಣ್ಣೆ. ಆ ಬೀಜಗಳನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ ದೀಪದಂತೆ ಉರಿಸುತ್ತಿದ್ದರು. ಅದರ ಜೊತೆಗೆ ಕೊಬ್ಬರಿ ಎಣ್ಣೆಯನ್ನೂ ಮಕಡಾಮಿಯಾ ಎಣ್ಣೆಯನ್ನೂ ಬಳಸುತ್ತಾರೆ. ಮಕಡಾಮಿಯಾ ಮಾತ್ರ ಆಸ್ಟ್ರೇಲಿಯಾದಿಂದ ಬಂದ ಮರ. ಬೀಜಕಾಯಿಗಳ ಅಲರ್ಜಿ ಇರುವವರು ಇದನ್ನು ಮುಂಚಿತವಾಗಿ ತಿಳಿಸಬೇಕು. ತೆಂಗು, ಕೆಸು, ಕಬ್ಬು, ಅರಿಶಿನ ಇವೆಲ್ಲವೂ ಪಾಲಿನೇಷ್ಯಾದ ಪೂರ್ವಜರು ದೋಣಿಯಲ್ಲಿಟ್ಟುಕೊಂಡು ಹವಾಯಿಗೆ ತಂದ ಗಿಡಗಳು. ಅರಿಶಿನಕ್ಕೆ ಅವರು ‘ಓಲೆನಾ’ ಎನ್ನುತ್ತಾರೆ, ಶುದ್ಧಿಗೂ ಮದ್ದಿಗೂ ಬಳಸುತ್ತಾರೆ. ನಾವು ಹೋಗಿದ್ದ ಆ ಹಿರಿಯ ಮಹಿಳೆಯ ಮನೆಯ ಹಿತ್ತಲಿನಲ್ಲಿ ಅರಿಶಿನದ ಎಲೆಗಳನ್ನೂ ಕೆಸುವಿನ ಮಡಿಯನ್ನೂ ಕಂಡ ನನ್ನ ತಾಯಿಗೆ ಪತ್ರೊಡೆಯ ನೆನಪಾಗಿ, ಬಂದ ಕೆಲಸವೇ ಒಂದು ಕ್ಷಣ ಮರೆತುಹೋಯಿತು.

ಉಡುಪಿನ ವಿಷಯದಲ್ಲಿ ಸಂಕೋಚ ಬೇಡ, ಮೌನವೂ ಬೇಡ. ಹೆಂಗಸರಿಗೆ ಹೆಂಗಸರೇ ಬೇಕೆಂದು ಕೇಳುವುದು ಅಲ್ಲಿ ಸಹಜ. ಒಳ ಉಡುಪು ಹಾಕಿಕೊಂಡೇ ಮಲಗಬಹುದು. ಮೇಲೆ ಹೊದಿಸಿದ ಬಟ್ಟೆಯನ್ನು, ಯಾವ ಭಾಗವನ್ನು ನೀವುತ್ತಾರೋ ಆ ಭಾಗದಿಂದ ಮಾತ್ರ ಸರಿಸುತ್ತಾರೆ. ದೇವಾಲಯ ಶೈಲಿಯಲ್ಲಿ ಮಾತ್ರ ಹೊದಿಕೆ ಬಹಳ ಕಿರಿದು, ಏಕೆಂದರೆ ಕೈ ಹೆಗಲಿನಿಂದ ಹಿಮ್ಮಡಿಯವರೆಗೆ ತಡೆಯಿಲ್ಲದೆ ಸಾಗಬೇಕು. ಅದು ಒಗ್ಗದವರು ಮೊದಲೇ ಹೇಳಿ ಬೇರೆ ಶೈಲಿಯನ್ನು ಆರಿಸಿಕೊಳ್ಳುವುದು ಮೇಲು. ಹೊಟ್ಟೆಯನ್ನು ನೀವುವುದು ಈ ವಿದ್ಯೆಯ ಒಂದು ಭಾಗ. ಬೇಡವೆನಿಸಿದರೆ ಅದನ್ನೂ ಹೇಳಬಹುದು. ಊಟ ಮಾಡಿ ಎರಡು ಗಂಟೆಯಾದರೂ ಕಳೆದಿರಲಿ.

ಮೇಜಿನ ಮೇಲೆ

ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅವರೂ ಅದಕ್ಕೆ ‘ಸ್ಲಿಪ್ಪರ್’ ಎಂದೇ ಹೇಳುತ್ತಾರೆ, ಮನೆಯೊಳಗೆ ಯಾರೂ ಮೆಟ್ಟಿ ಬರುವುದಿಲ್ಲ. ಹಿರಿಯರನ್ನು ಹೆಸರಿನಿಂದ ಕರೆಯದೆ ಆಂಟಿ, ಅಂಕಲ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೇಳಿ ಕೇಳಿ ಬೇಸರವಾಗಿದ್ದ ಆ ಮಾತು ಅಲ್ಲಿ ಮರ್ಯಾದೆಯ ಮಾತಾಗಿ ಕೇಳಿಸಿದ್ದು ನನಗೆ ವಿಚಿತ್ರವೆನಿಸಿತು.

ಮೊದಲಿಗೆ ಆ ಹಿರಿಯ ಮಹಿಳೆ ಎಣ್ಣೆ ಮುಟ್ಟಲಿಲ್ಲ. ನನ್ನ ಬೆನ್ನಿನ ಮೇಲೆ, ಹೆಗಲುಮೂಳೆಗಳ ನಡುವೆ ಒಂದು ಅಂಗೈ, ಸೊಂಟದ ಕೆಳಗೆ ಇನ್ನೊಂದು ಅಂಗೈ ಇಟ್ಟು, ತಗ್ಗಿದ ದನಿಯಲ್ಲಿ ‘ಪುಲೆ’ ಎಂಬ ಪ್ರಾರ್ಥನೆಯನ್ನು ಹೇಳಿದರು. ಅರ್ಥ ತಿಳಿಯಲಿಲ್ಲ, ಆ ಹೊತ್ತಿನಲ್ಲಿ ಮಾತಾಡದೆ ಸುಮ್ಮನೆ ಮಲಗಿರುವುದಷ್ಟೇ ನಮ್ಮ ಕೆಲಸ. ನನ್ನ ಉಸಿರು ಯಾವ ಲಯದಲ್ಲಿದೆ ಎಂದು ಆಕೆ ಕೈಯಿಂದಲೇ ಕೇಳಿಸಿಕೊಳ್ಳುತ್ತಿದ್ದರೆಂಬುದು ಆಮೇಲೆ ತಿಳಿಯಿತು, ಏಕೆಂದರೆ ಮೊದಲ ನೀವುವಿಕೆ ಶುರುವಾದದ್ದು ಸರಿಯಾಗಿ ನಾನು ಉಸಿರು ಬಿಟ್ಟಾಗ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಇಡೀ ಮುಂಗೈ ಸೊಂಟದ ಬಳಿ ಮೈಗಂಟಿ, ಬೆನ್ನುಮೂಳೆಯ ಪಕ್ಕದಲ್ಲಿ ನಿಧಾನವಾಗಿ ಮೇಲೇರಿ, ಹೆಗಲನ್ನು ಬಳಸಿ, ತೋಳಿನ ಉದ್ದಕ್ಕೂ ಇಳಿದು ಬೆರಳ ತುದಿಯಲ್ಲಿ ಬಿಡುತ್ತಿತ್ತು. ಅದು ಬಿಡುವ ಮೊದಲೇ ಇನ್ನೊಂದು ಮುಂಗೈ ಸೊಂಟದಲ್ಲಿ ಹೊರಟಿರುತ್ತಿತ್ತು. ಆಕೆ ತೋಳಿನ ಬಲ ಹಾಕುತ್ತಿರಲಿಲ್ಲ. ಹೆಜ್ಜೆ ಬದಲಿಸಿ, ಮೈಭಾರವನ್ನು ಬಾಗಿಸಿ ಒತ್ತುತ್ತಿದ್ದರು. ಹೋಟೆಲಿನಲ್ಲಿ ಒಂದೊಂದೇ ಸ್ನಾಯುವನ್ನು ಹಿಡಿದು ಹಿಸುಕಿದ್ದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಕಣ್ಣು ಮುಚ್ಚಿದ್ದರೂ ತಿಳಿಯುವಷ್ಟು ಸ್ಪಷ್ಟವಾಗಿತ್ತು.

ಬಲ ಹೆಚ್ಚಾದರೆ ಹಲ್ಲು ಕಚ್ಚಿ ಸಹಿಸಬೇಡಿ. ‘ನೋವು ಬಂದರೇನೇ ಗುಣ’ ಎಂಬ ನಮ್ಮ ನಂಬಿಕೆ ಇಲ್ಲಿ ತಪ್ಪು. ನೋವಾದ ಕೂಡಲೇ ಮೈ ಬಿಗಿಯುತ್ತದೆ, ಬಿಗಿದ ಮೈಯಲ್ಲಿ ಕೆಲಸ ನಡೆಯುವುದಿಲ್ಲ. ನೋವಿಗೆ ಅವರು ‘ಎಹಾ’ ಎನ್ನುತ್ತಾರೆ, ಮೆಲ್ಲಗೆ ಎನ್ನುವುದಕ್ಕೆ ‘ಮಾಲಿಯೆ’. ಈ ಎರಡು ಮಾತುಗಳನ್ನು ಕಲಿತು ಹೋದರೆ ಇಂಗ್ಲಿಷ್ ಬಾರದ ಹಿರಿಯರಿಗೂ ಸಾಕು. ನನ್ನ ತಾಯಿ ಎರಡನೆಯದನ್ನು ಒಂದು ಸಲ ಬಳಸಿದರು, ಕೈಯ ಭಾರ ತಕ್ಷಣ ಅರ್ಧಕ್ಕಿಳಿಯಿತಂತೆ. ಎದ್ದು ಬಂದವರು ಹೇಳಿದ್ದಿಷ್ಟು: ‘ಬಾಣಂತಿತನದಲ್ಲಿ ನಮ್ಮಮ್ಮ ಎಣ್ಣೆ ಹಚ್ಚುತ್ತಿದ್ದ ಹಾಗೇ ಇತ್ತು, ಬಿಸಿನೀರು ಒಂದು ಹುಯ್ಯಲಿಲ್ಲ.’ ಇದರಲ್ಲಿ ಒಂದು ಸೂಚನೆಯೂ ಅಡಗಿದೆ. ಅಭ್ಯಂಜನಕ್ಕೆ ಒಗ್ಗಿದ ನಾವು ಎಣ್ಣೆಯ ಹಿಂದೆಯೇ ಸೀಗೆಪುಡಿ, ಹಂಡೆಯ ಬಿಸಿನೀರು ಬರುತ್ತದೆಂದು ಕಾಯುತ್ತೇವೆ. ಇಲ್ಲಿ ಹಾಗಿಲ್ಲ; ಟವೆಲಿನಿಂದ ಒರೆಸಿ, ಉಳಿದ ಎಣ್ಣೆಯನ್ನು ಮೈ ಹೀರಲೆಂದು ಬಿಡುತ್ತಾರೆ. ಆದ್ದರಿಂದ ಕರೆ ಬಿದ್ದರೂ ಚಿಂತೆಯಿಲ್ಲದ ಹಳೆಯ ಹತ್ತಿಬಟ್ಟೆಯನ್ನು ಹಾಕಿಕೊಂಡು ಹೋಗಬೇಕು, ರೇಷ್ಮೆಯಂತೂ ಬೇಡವೇ ಬೇಡ.

ಎದ್ದ ಮೇಲೆ

ಥಟ್ಟನೆ ಏಳಬಾರದು. ಒಂದು ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕುಳಿತು ಆಮೇಲೆ ನಿಲ್ಲಬೇಕು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತುವುದು ಹೆಚ್ಚು. ನೀರು ಕುಡಿಯಿರಿ. ಮೈ ಜೋಂಪು ಹಿಡಿದಂತಿರುವುದರಿಂದ ಕಾರನ್ನು ಬೇರೆಯವರು ನಡೆಸಲಿ, ಅರ್ಧ ಗಂಟೆ ಕಾದು ಹೊರಟರೂ ಆದೀತು. ಎಣ್ಣೆ ಮೈಯಲ್ಲಿ ಹವಳದ ದಿಬ್ಬಗಳಿರುವ ನೀರಿಗಿಳಿಯಬಾರದು, ನಡುಹಗಲಿನ ಬಿಸಿಲಿಗೂ ಒಡ್ಡಿಕೊಳ್ಳಬಾರದು. ಮರುದಿನ ಸಣ್ಣಗೆ ಮೈನೋವಿದ್ದರೆ ಸಹಜ. ಒಂದೇ ಕಡೆ ಊತ ಅಥವಾ ತೀವ್ರ ನೋವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಊರಿನಿಂದ ಬಂದ ಹಿರಿಯರಿಗೆ ಪ್ರವಾಸ ವಿಮೆ ಮಾಡಿಸಿರುವುದು ಇಂಥ ಹೊತ್ತಿಗೆ ಬೇಕಾಗುತ್ತದೆ, ಅಮೆರಿಕದ ಆಸ್ಪತ್ರೆಯ ಬಿಲ್ಲನ್ನು ಕೈಯಿಂದ ಕಟ್ಟಲಾಗುವುದಿಲ್ಲ.

ಹೊರಡುವಾಗ ‘ಮಹಾಲೊ’ ಎಂದು ಧನ್ಯವಾದ ಹೇಳಿ. ಪ್ರಾರ್ಥನೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸುವುದು, ಕೇಳದೆ ಮನೆಯ ಚಿತ್ರ ತೆಗೆಯುವುದು, ‘ನನಗೂ ಒಂದೆರಡು ಪಟ್ಟುಗಳನ್ನು ಹೇಳಿಕೊಡಿ’ ಎನ್ನುವುದು ಬೇಡ.

ನೆನಪಿಗೆ ಏನಾದರೂ ತರಬೇಕೆನ್ನುವವರಿಗೆ ‘ಲಾವು ಲೋಮಿ’ ಎಂಬ ಕೊಕ್ಕೆಯಂತೆ ಬಾಗಿದ ಮರದ ಕೋಲು ಒಳ್ಳೆಯದು. ಹೆಗಲ ಮೇಲಿಂದ ಅದನ್ನು ಹಿಂದಕ್ಕೆ ಇಳಿಬಿಟ್ಟು, ತುದಿಯನ್ನು ಕೈಗೆಟುಕದ ನೋವಿನ ಜಾಗಕ್ಕೆ ತಾಗಿಸಿ, ಮುಂದಿನಿಂದ ಎಳೆದರೆ ನಮ್ಮ ಬೆನ್ನನ್ನು ನಾವೇ ಒತ್ತಿಕೊಳ್ಳಬಹುದು. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯವರು ಆಯುಧವೆಂದು ತಡೆಯುವ ಸಂಭವವಿದೆ, ದೊಡ್ಡ ಪೆಟ್ಟಿಗೆಯಲ್ಲಿಯೇ ಹಾಕಬೇಕು. ನಾವು ತಂದದ್ದು ಸೀಬೆಮರದ ಕೋಲು. ಅದು ಈಗ ನನ್ನ ತಾಯಿಯ ಮಂಚದ ಪಕ್ಕದಲ್ಲಿ ನಿಂತಿದೆ, ನಿದ್ದೆ ಬಾರದ ರಾತ್ರಿಗಳಲ್ಲಿ ಅದು ಗೋಡೆಗೆ ತಾಗುವ ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತದೆ.